ದಾಸಪ್ಪ ಕೂತಿತ್ತೋ, ಮಲಗಿತ್ತೋ

ಪುಟ್ಟಸ್ವಾಮಯ್ಯನವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಇದು ಯಾರೋ ಅವರ ಮೇಲೆ ಹೊರಿಸಿದ ಅಪವಾದವಲ್ಲ. ನಾಲ್ಕು ಜನ ಕೂತ ಕಡೆ ಅವರೇ ಮುಂದಾಗಿ ಹೇಳಿಕೊಳ್ಳುತ್ತಿದ್ದ ಮಾತು. "ಹೆಂಡ್ತಿ ಕೇಳಲ್ಲ, ಮಗಳು ಕೇಳಲ್ಲ, ಜವಾನ ಕೊಂಡಪ್ಪ ಕೇಳ್ದಂಗೆ ತಲೆ ಆಡಿಸ್ತಾನೆ, ಅವನೂ ಕೇಳಲ್ಲ. ನಾನು ಹೇಳಿದ್ದನ್ನ ಒಂದಕ್ಷರ ಬಿಡದೆ ಕೇಳಿಸ್ಕೊಳ್ಳೋದು ತಂತಿ ಒಂದೇ ಕಣ್ರಪ್ಪ. ಏನು ಮಾಡೋದು, ಅದರಲ್ಲಿ ಹೋಗೋದೆಲ್ಲ ಬೇರೆಯವರ ಮಾತು!" ಎಂದು ನಗುತ್ತಿದ್ದರು.

ಅವರು ತಂತಿ ಮಾಸ್ತರು. ಹುಟ್ಟಿದ್ದು ಗೌರಿಬಿದನೂರಿನಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯ ಮನೆಯಲ್ಲಿ. ಚಿಕ್ಕಂದಿನಲ್ಲಿ ಸ್ಟೇಷನ್ ಮಾಸ್ತರರ ಕಿಟಕಿಯ ಸರಳು ಹಿಡಿದು ನಿಂತು, ಒಳಗೆ ಮೇಜಿನ ಮೇಲೆ ಕಟಕಟ ಅನ್ನುತ್ತಿದ್ದ ಹಿತ್ತಾಳೆ ಯಂತ್ರವನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರಂತೆ. ಆ ಬೀದಿಯಲ್ಲೇ ಇದ್ದ ನಿವೃತ್ತ ಸಿಗ್ನಲರ್ ಒಬ್ಬರು ಹುಡುಗನ ಆಸೆ ನೋಡಿ ಮೋರ್ಸ್ ಸಂಕೇತದ ಅಕ್ಷರಗಳನ್ನೆಲ್ಲ ಕಲಿಸಿ, ತಮ್ಮ ಹತ್ತಿರ ಬಿದ್ದಿದ್ದ ಒಂದು ಹಳೆಯ ಸೌಂಡರನ್ನೂ ಕೊಟ್ಟರು. ಸೌಂಡರ್ ಅಂದರೆ ತಂತಿಯಲ್ಲಿ ಬಂದದ್ದನ್ನು ಟಕ್ ಟಕ್ ಎಂದು ಬಡಿದು ಹೇಳುವ ಯಂತ್ರ. ಪುಟ್ಟಸ್ವಾಮಯ್ಯ ಮುಂದೆ ಇಲಾಖೆ ಸೇರಿ, ಊರೂರು ಸುತ್ತಿ, ಐವತ್ತಾರನೆಯ ಇಸವಿಯಲ್ಲಿ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಪೇಟೆ ಊರಿಗೆ ವರ್ಗವಾಗಿ ಬಂದರು. ಊರಿನ ಹೆಸರು ಬೇಡ. ನಡೆದದ್ದರಲ್ಲಿ ಊರಿನ ತಪ್ಪೇನೂ ಇರಲಿಲ್ಲ.

ರೇಷ್ಮೆ ನೂಲಿನ ವ್ಯಾಪಾರಿಗಳ ದೆಸೆಯಿಂದ ಆ ಊರಿಗೆ ತಂತಿ ಬಂದಿತ್ತು. ಮುಂದೆ ಕೌಂಟರು, ಅದರ ಹಿಂದೆ ತಂತಿಯ ಕೋಣೆ, ಕೋಣೆಯ ಹಿಂಬಾಗಿಲು ತೆಗೆದರೆ ಅಂಗಳ, ಅಂಗಳದಾಚೆ ಮಾಸ್ತರರ ಮನೆ. ಪುಟ್ಟಸ್ವಾಮಯ್ಯನವರಿಗೆ ತಮ್ಮ ಕಿವಿಯ ಬಗ್ಗೆ ಬಲು ಹೆಮ್ಮೆ. ಚಿಕ್ಕಬಳ್ಳಾಪುರದ ಕಡೆಯಿಂದ ಮಾತಾಡುತ್ತಿರುವ ಕೈ ಯಾರದು, ಆತ ಊಟ ಮಾಡಿದ್ದಾನೋ ಇಲ್ಲವೋ, ಮನೆಯಲ್ಲಿ ಜಗಳವಾಡಿ ಬಂದಿದ್ದಾನೋ ಎಂಬುದೆಲ್ಲ ಟಕ್ಕಿನಲ್ಲೇ ಗೊತ್ತಾಗುತ್ತದೆ ಎನ್ನುತ್ತಿದ್ದರು. "ಇಂಥಾ ಕಿವಿ ಇಟ್ಕೊಂಡು ನಾನು ಮಾಡಿದ ಕೆಲಸ ಕೇಳಿ," ಎಂದು ಅವರು ನಾಯಿಯ ಕಥೆ ಶುರು ಮಾಡುತ್ತಿದ್ದುದೇ ಇಲ್ಲಿಂದ.

ನಾಯಿ ತಾನಾಗಿ ಬಂದದ್ದು. ತಂತಿ ಹಂಚುವ ಕೊಂಡಪ್ಪ ಒಂದು ದಿನ ಕೆಂಚಾರ್ಲಹಳ್ಳಿಗೆ ಹೋದವನು ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿ, ಎದುರು ಬಂದು ನಿಂತ ನಾಯಿಗೆ ಒಂದು ತುಂಡು ಮುದ್ದೆ ಎಸೆದ. ಅಷ್ಟಕ್ಕೇ ಅದು ಸೈಕಲ್ಲಿನ ಹಿಂದೆ ಓಡಿಕೊಂಡು ಊರಿಗೆ ಬಂದುಬಿಟ್ಟಿತು. ಹಳದಿ ಬಣ್ಣ, ಉದ್ದನೆಯ ಮೈ, ಗಿಡ್ಡ ಕಾಲು, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಬಂದ ಮರುದಿನದಿಂದಲೇ ಅದು ಕಚೇರಿಯ ಮೆಟ್ಟಿಲ ಮೇಲೆ ಠಾಣೆ ಹೂಡಿ ಕೆಲಸಕ್ಕೆ ಹತ್ತಿತು. ಹಳ್ಳಿಯವರು ಕೌಂಟರಿಗೆ ಬರುವಾಗ ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುತ್ತಿದ್ದರು. ನಾಯಿ ಪ್ರತಿ ಜೊತೆಯಲ್ಲೂ ಒಂದೊಂದನ್ನೇ ಆರಿಸಿ ಕಚ್ಚಿಕೊಂಡು ಹೋಗಿ ಬಾವಿಯ ಹಿಂದೆ ಹಾಕುತ್ತಿತ್ತು. ಎರಡನ್ನೂ ಒಯ್ದಿದ್ದರೆ ಕಳ್ಳತನ ಎನ್ನಬಹುದಿತ್ತು. ಒಂದನ್ನು ಒಯ್ದರೆ ಏನೆನ್ನಬೇಕೋ ಯಾರಿಗೂ ತಿಳಿಯಲಿಲ್ಲ.

ಮಾಸ್ತರರ ಹೆಂಡತಿ ಗೋದಮ್ಮ ಮಡಿಯ ಹೆಂಗಸು. ನಾಯಿ ಅಡಿಗೆಮನೆಯ ಹೊಸಿಲಿನವರೆಗೆ ಬಂದು ಒಗ್ಗರಣೆಯ ವಾಸನೆ ಹಿಡಿದ ದಿನ ಅವರು ಕೊಂಡಪ್ಪನನ್ನು ಕರೆಸಿದರು.

"ಕೊಂಡಪ್ಪ, ಇದನ್ನ ಎಲ್ಲಿಂದ ಕರ್ಕೊಂಡ್ ಬಂದ್ಯೋ ಅಲ್ಲಿಗೇ ಬಿಟ್ಟು ಬಾರಪ್ಪ."

"ನಾನೆಲ್ಲಿ ಕರ್ಕೊಂಡ್ ಬಂದೆ ತಾಯಿ? ಅದೇ ಬಂತು. ಪೋ ಪೋ ಅಂತ ದಾರೀಲೆಲ್ಲ ಅಂದೆ. ನಮ್ ಸ್ವಾಮಿ ಮಾತು ನಾನು ಕೇಳ್ದಂಗೇ ಅದೂ ಕೇಳ್ತು."

ಒಳಗೆ ಕಾಫಿ ಕುಡಿಯುತ್ತಿದ್ದ ಪುಟ್ಟಸ್ವಾಮಯ್ಯ ಲೋಟ ಇಟ್ಟು ಎದ್ದು ಬಂದರು. "ಬಿಟ್ಟು ಬರೋದೇನೂ ಬೇಡ. ಇದಕ್ಕೆ ನಾನು ಕಲಿಸ್ತೀನಿ," ಎಂದರು.

"ಯಾರಿಗೆ? ನೀವು?" ಎಂದು ಗೋದಮ್ಮ ಕೇಳಿದ ರೀತಿಯಲ್ಲೇ ಮದುವೆಯಾದಂದಿನಿಂದ ಆವರೆಗಿನ ಅನುಭವವೆಲ್ಲ ಇತ್ತು.

ಮಾಸ್ತರರ ಧೈರ್ಯಕ್ಕೆ ಕಾರಣ ಇಲ್ಲದಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಕನ್ನಡಕ ಮಾಡಿಸಲು ಬೆಂಗಳೂರಿಗೆ ಹೋಗಿದ್ದಾಗ, ಕನ್ನಡಕ ಸಿದ್ಧವಾಗುವವರೆಗೆ ಒಂದು ವಾಚನಾಲಯದಲ್ಲಿ ಕೂತು ಅಮೆರಿಕದ ಪತ್ರಿಕೆಯೊಂದನ್ನು ಮೂಗಿಗೆ ಹಿಡಿದು ಓದಿದ್ದರು. ನಾಯಿಗೆ ಹೊಡೆಯದೆ ಬಯ್ಯದೆ ಏನನ್ನು ಬೇಕಾದರೂ ಕಲಿಸಬಹುದು ಎಂದು ಅದರಲ್ಲಿ ಬರೆದಿತ್ತು. ಟಿಕ್ ಎಂದು ಸದ್ದು ಮಾಡುವ ಒಂದು ಆಟದ ಸಾಮಾನು ಇದ್ದರೆ ಸಾಕು. ನಾಯಿ ಸರಿಯಾದದ್ದನ್ನು ಮಾಡಿದ ಗಳಿಗೆಯಲ್ಲೇ ಟಿಕ್ ಅನ್ನಿಸಬೇಕು. ಟಿಕ್ ಅಂದ ಮೇಲೆ ತಪ್ಪದೆ ತಿನ್ನಲು ಏನಾದರೂ ಕೊಡಬೇಕು. ಸ್ವಲ್ಪ ದಿನಕ್ಕೆ ನಾಯಿ ಆ ಟಿಕ್‌ಗೋಸ್ಕರವೇ ಬದುಕತೊಡಗುತ್ತದೆ. ಹುಟ್ಟಿದಾಗಿನಿಂದ ಟಿಕ್ ಟಕ್‌ನಲ್ಲೇ ಬದುಕಿದ್ದ ಪುಟ್ಟಸ್ವಾಮಯ್ಯನವರಿಗೆ ಅದನ್ನು ಓದಿ ರೋಮಾಂಚನವಾಗಿತ್ತು. ಲೋಕದಲ್ಲಿ ತಮ್ಮ ವಿದ್ಯೆಗೆ ಹೊಂದುವ ಇನ್ನೊಂದು ವಿದ್ಯೆ ಇದೆ ಎಂದು ಅವತ್ತೇ ಅವರಿಗೆ ಗೊತ್ತಾದದ್ದು.

ಚಿಂತಾಮಣಿ ಸಂತೆಯಿಂದ ತಗಡಿನ ಕಪ್ಪೆಯೊಂದು ಬಂತು. ಹೊಟ್ಟೆ ಅಮುಕಿದರೆ ಟಿಕ್, ಬಿಟ್ಟರೆ ಟಕ್. ನಾಯಿಗೆ ಮಾಸ್ತರರು ಡ್ಯಾಷ್ ಎಂದು ಹೆಸರಿಟ್ಟರು. ಮೋರ್ಸಿನಲ್ಲಿ ಚುಕ್ಕೆಗೆ ಡಾಟ್, ಗೀಟಿಗೆ ಡ್ಯಾಷ್. ನಾಯಿಯ ಮೈ ಗೀಟಿನ ಹಾಗೇ ಉದ್ದವಿತ್ತು. ಕೊಂಡಪ್ಪನ ಬಾಯಲ್ಲಿ ಅದು ದಾಸ ಆಯಿತು, ಪೇಟೆಯವರು ಮರ್ಯಾದೆ ಸೇರಿಸಿ ದಾಸಪ್ಪ ಎಂದರು. ಗೋದಮ್ಮ ಮಾತ್ರ ಕೊನೆಯವರೆಗೂ 'ನಿಮ್ಮ ನಾಯಿ' ಎಂದೇ ಕರೆದರು.

"ನೋಡು ಗೋದಾ, ಬಯ್ಯೋ ಹಂಗಿಲ್ಲ, ಹೊಡಿಯೋ ಹಂಗಿಲ್ಲ. ಸರಿಯಾಗಿ ಮಾಡಿದ ತಕ್ಷಣ ಟಿಕ್, ಆಮೇಲೆ ಒಂದು ಕಡ್ಲೆಕಾಯಿ ಬೀಜ. ಅಷ್ಟೇ ವಿದ್ಯೆ," ಎಂದು ಮಾಸ್ತರರು ವಿವರಿಸಿದರು.

"ನಾನೂ ಇಷ್ಟು ವರ್ಷದಿಂದ ಎಲ್ಲ ಸರಿಯಾಗೇ ಮಾಡ್ತಿದೀನಿ. ಒಂದ್ಸಲಾನಾದ್ರೂ ಟಿಕ್ ಅಂದಿದೀರಾ?"

ಮಾಸ್ತರರು ಕಪ್ಪೆಯನ್ನು ಜೇಬಿಗೆ ಹಾಕಿಕೊಂಡು ಅಂಗಳಕ್ಕೆ ನಡೆದರು.

ಪಾಠ ನಡೆದದ್ದು ಅಂಗಳದ ಒಗೆಯುವ ಕಲ್ಲಿನ ಹತ್ತಿರ, ಬೆಳಗ್ಗೆ ಕಚೇರಿ ತೆರೆಯುವ ಮುಂಚೆ. "ಸಿಟ್" ಎಂದರು ಮಾಸ್ತರರು. ನಾಯಿ ಅವರ ಮುಖ ನೋಡಿತು. ಅವರು ನಾಯಿಯ ಮುಖ ನೋಡಿದರು. ಬಹಳ ಹೊತ್ತು ಹೀಗೆ ನೋಡಿ ನೋಡಿ, ಅರ್ಥ ತಿಳಿಯದೆ ಒದ್ದಾಡುತ್ತಿರಬೇಕು ಪಾಪ ಎನಿಸಿ, ಪಂಚೆ ಮೇಲಕ್ಕೆತ್ತಿ ತಾವೇ ಕುಕ್ಕರುಗಾಲಲ್ಲಿ ಕೂತು ತೋರಿಸಿ "ಸಿಟ್" ಎಂದರು. ಗೋಡೆಯಾಚೆಯಿಂದ ನೋಡುತ್ತಿದ್ದ ಕೊಂಡಪ್ಪನಿಗೆ ತಡೆಯಲಾಗಲಿಲ್ಲ.

"ಸ್ವಾಮಿ, ಅದು ಕೆಂಚಾರ್ಲಹಳ್ಳಿದು. ಇಂಗ್ಲಿಷ್ ಎಲ್ಲಿಂದ ಬರ್ಬೇಕು? ತೆಲುಗಲ್ಲಿ ಹೇಳಿ. ಕೂಚೋ ಅನ್ನಿ."

"ಬೇಡ ಕಣೋ. ತೆಲುಗಲ್ಲಿ ಕಲಿಸಿದ್ರೆ ಊರಲ್ಲಿರೋರೆಲ್ಲ ಇದಕ್ಕೆ ಆರ್ಡರ್ ಮಾಡ್ತಾರೆ. ಇಂಗ್ಲಿಷಾದ್ರೆ ನಾನೊಬ್ಬನೇ."

ತಮ್ಮ ಮಾತನ್ನೊಂದೇ ಕೇಳುವ ಒಂದು ಪ್ರಾಣಿ! ಆ ಆಸೆಯೇ ಅವರನ್ನು ದಿನವೂ ಅಷ್ಟು ಬೇಗ ಎಬ್ಬಿಸುತ್ತಿತ್ತು. ಕೊನೆಗೊಂದು ದಿನ ನಾಯಿಗೆ ನಿಂತು ನಿಂತು ಸಾಕಾಗಿ ಕೂತಿತು. ಟಿಕ್! ಕಡ್ಲೆಕಾಯಿ ಬೀಜ. ನಾಯಿಯ ಜೋಲುಕಿವಿಯೂ ನೆಟ್ಟಗಾಯಿತು. ಎದ್ದಿತು, ಕೂತಿತು. ಟಿಕ್! ಅಲ್ಲಿಂದ ಮುಂದೆ ಅದನ್ನು ಹಿಡಿಯುವವರಿರಲಿಲ್ಲ. ಚಪ್ಪಲಿ ಬಾಯಲ್ಲಿದ್ದಾಗ "ಡ್ರಾಪ್" ಎಂದರೆ ಬಿಡುವುದನ್ನೂ ಕಲಿಯಿತು. ಬಿಟ್ಟರೆ ಬೀಜ ಸಿಗುತ್ತದೆ, ಬಿಡಬೇಕಾದರೆ ಮೊದಲು ಬಾಯಲ್ಲಿ ಚಪ್ಪಲಿ ಇರಬೇಕು ಎಂಬ ನ್ಯಾಯ ಅದಕ್ಕೆ ಬೇಗ ಹೊಳೆದು, ಒಂದೊಂದು ಒಯ್ಯುತ್ತಿದ್ದದ್ದು ಈಗ ಎರಡೆರಡೂ ತಂದು ಮಾಸ್ತರರ ಕಾಲ ಬಳಿ ನಿಲ್ಲತೊಡಗಿತು. "ಸುಧಾರಿಸಿದೆ," ಎಂದರು ಪುಟ್ಟಸ್ವಾಮಯ್ಯ. "ಜೊತೆ ಒಡೆಯೋದಿಲ್ಲ ಈಗ."

ಹೀಗಿರುವಾಗ ತಗಡಿನ ಕಪ್ಪೆ ಗೋದಮ್ಮನವರ ಕಾಲ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಯಿತು. ಅಕಸ್ಮಾತ್ತಾಗಿ ಎಂದರು ಅವರು. ಮುಂದಿನ ಸಂತೆಗೆ ಇನ್ನೂ ದಿನಗಳಿದ್ದವು. ಮಾಸ್ತರರಿಗೆ ಆಗ ಗೂಡಿನಲ್ಲಿದ್ದ ಹಳೆಯ ಸೌಂಡರು ನೆನಪಾಯಿತು. ವಿದ್ಯುತ್ತು ಬೇಕಿಲ್ಲ, ಮೇಲಿನ ಹಿತ್ತಾಳೆ ಪಟ್ಟಿಯನ್ನು ಬೆರಳಲ್ಲಿ ಒತ್ತಿದರೆ ಸಾಕು, ಟಕ್ ಎಂದು ಕಪ್ಪೆಯ ಹತ್ತರಷ್ಟು ಸದ್ದು. ಅಮೆರಿಕದವರಿಗೂ ಹೊಳೆಯದ ಸುಧಾರಣೆ ಇದು ಎಂದು ಬೀಗುತ್ತ ಅವರು ಅದರಲ್ಲೇ ಪಾಠ ಮುಂದುವರಿಸಿದರು. ದಾಸಪ್ಪ "ಲೈ ಡೌನ್" ಕಲಿಯಿತು. ಪತ್ರಿಕೆಯ ಚಿತ್ರದಲ್ಲಿದ್ದ ಹಾಗೆ ನಾಲ್ಕೂ ಕಾಲು ಚಾಚಿ, ತಲೆ ಒಂದು ಪಕ್ಕಕ್ಕೆ ಹಾಕಿ, ಜೀವವೇ ಇಲ್ಲದಂತೆ ಮಲಗುತ್ತಿತ್ತು. ಆಮೇಲೆ ಮುಂಗಾಲೆತ್ತಿ ನಮಸ್ಕಾರ ಮಾಡುವುದನ್ನೂ ಕಲಿಯಿತು. ನೂಲಿನ ವ್ಯಾಪಾರಿ ವೆಂಕಟರವಣಪ್ಪ ದಿನವೂ ಬೆಂಗಳೂರಿಗೆ ದರದ ತಂತಿ ಕೊಡಲು ಬರುತ್ತಿದ್ದವರು, ಅದನ್ನು ನೋಡಿ ಮೇಲೂರಿನ ತನಕ ಹೇಳಿಕೊಂಡು ಬಂದರು: "ನಮ್ ತಂತಿ ಅಯ್ನೋರು ನಾಯೀಗೆ ಇಂಗ್ಲಿಷ್ ಕಲಿಸಿದಾರೆ ಕಣ್ರಿ. ನಮ್ಮ ಹುಡುಗ್ರಿಗೆ ಬರ್ದಿದ್ದು ಅದಕ್ಕೆ ಬರ್ತದೆ!"

ಪುಟ್ಟಸ್ವಾಮಯ್ಯ ಒಂದು ವಾರ ನೆಲ ಬಿಟ್ಟು ನಡೆದರು.

ಒಂದು ಸೋಮವಾರ ಬೆಳಗ್ಗೆ ಲೈನು ತೆರೆಯಿತು. ಚಿಕ್ಕಬಳ್ಳಾಪುರ ಕರೆಯಿತು. ಮೇಜಿನ ಮೇಲಿನ ಸೌಂಡರು ಕಟಕಟ ಎಂದು ಶುರು ಮಾಡಿದ್ದೇ ತಡ, ಅದುವರೆಗೆ ಆ ಸದ್ದಿಗೆ ಕಿವಿಗೊಡದಿದ್ದ ದಾಸಪ್ಪ ಹಿಂಬಾಗಿಲಿನಿಂದ ಬಾಣದ ಹಾಗೆ ಒಳಗೆ ನುಗ್ಗಿ ಮಾಸ್ತರರ ಎದುರು ಕೂತಿತು. ನನ್ನನ್ನು ನೋಡಲು ಬಂದಿದೆ ಎಂದು ಮಾಸ್ತರರು ಹಿಗ್ಗಿದರು. ಸೌಂಡರು ನಿಲ್ಲಲಿಲ್ಲ. ಕೈಯಲ್ಲಿ ಪೆನ್ಸಿಲು ಓಡುತ್ತಿತ್ತು, ನಡುವೆ ಬಿಡುವ ಹಾಗಿರಲಿಲ್ಲ. ನಾಯಿ ಕಾದು ನೋಡಿತು. ಬೀಜ ಬರಲಿಲ್ಲ. ಕೂತದ್ದು ಸಾಲದೇನೋ ಎಂದು ಕಾಲು ಚಾಚಿ ಮಲಗಿತು. ಬರಲಿಲ್ಲ. ಎದ್ದು ನಮಸ್ಕಾರ ಮಾಡಿತು. ಬರಲಿಲ್ಲ. ಕೊನೆಗೆ ಮೂತಿ ಮೇಲೆತ್ತಿ ಊಳಿಟ್ಟಿತು. ಒಂದು ಟಕ್ಕಿಗೆ ಒಂದು ಬೀಜ ಎಂದು ಮಾತು ಕೊಟ್ಟಿದ್ದ ಯಜಮಾನ, ಎದುರಿಗೇ ಇನ್ನೂರು ಟಕ್ಕು ಬಡಿಸಿ, ಒಂದು ಬೀಜವನ್ನೂ ಕೊಡದೆ ಬರೆಯುತ್ತ ಕೂತಿದ್ದಾನೆ!

ಸಂದೇಶದ ನಡುವೆಯೇ ಪುಟ್ಟಸ್ವಾಮಯ್ಯನವರಿಗೆ ತಾವು ಮಾಡಿದ್ದು ಏನೆಂದು ಹೊಳೆಯಿತು. ಚಿಕ್ಕಬಳ್ಳಾಪುರದವನಿಗೆ ನೆಗಡಿಯೋ ಇಲ್ಲವೋ ಎಂದು ಹೇಳಬಲ್ಲ ಕಿವಿ, ಮನೆಯ ಸೌಂಡರಿಗೂ ಕಚೇರಿಯ ಸೌಂಡರಿಗೂ ಸದ್ದು ಒಂದೇ ಎಂಬುದನ್ನು ಮರೆತಿತ್ತು. ನಾಯಿಯ ಪಾಲಿಗೆ ಈಗ ಇಡೀ ಮೈಸೂರು ರಾಜ್ಯವೇ ಬೆಳಗಿನಿಂದ ಸಂಜೆಯವರೆಗೆ "ಶಭಾಷ್, ಶಭಾಷ್" ಎನ್ನುತ್ತಿತ್ತು.

ಬಾಗಿಲು ಮುಚ್ಚಿದರೆ ಕೆರೆದು ಗೋಳಾಡಿತು. ಕಟ್ಟಿ ಹಾಕಿದರೆ ಕಟ್ಟಿದಲ್ಲೇ ಕೂತು, ಮಲಗಿ, ನಮಸ್ಕಾರ ಮಾಡಿ ಊಳಿಟ್ಟಿತು. ಮಾಸ್ತರರಿಗೆ ಇದನ್ನು ನೋಡುತ್ತ ಕೂರಲಾಗಲಿಲ್ಲ. ಟಕ್ ಅಂದ ಮೇಲೆ ಕೊಡಲೇಬೇಕು ಎಂದು ಬರೆದಿದ್ದನ್ನು ಓದಿದವರಲ್ಲವೇ! ಕೋಟಿನ ಜೇಬಿನಲ್ಲಿ ಬೀಜ ತುಂಬಿಕೊಂಡು ಬಂದು, ತಂತಿ ಮುಗಿದಾಗ ಒಂದೆರಡು ಎಸೆಯತೊಡಗಿದರು. ನಾಯಿ ದುಂಡಗಾಯಿತು. ಮಾಸ್ತರರಿಗೆ ಎಂಥ ಅಭ್ಯಾಸವಾಯಿತೆಂದರೆ, ಒಮ್ಮೆ ವೆಂಕಟರವಣಪ್ಪ ಬೆಲ್ಲದಷ್ಟು ಸಿಹಿಯಾದ ದರದ ತಂತಿ ಬಂತೆಂದು ಕೌಂಟರಿನಾಚೆ ಚಪ್ಪಾಳೆ ತಟ್ಟಿದಾಗ ಅವರ ಕಡೆಗೂ ಎರಡು ಬೀಜ ಎಸೆದುಬಿಟ್ಟರು.

ಇಷ್ಟಕ್ಕೆ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕೌಂಟರಿನ ಜಾಲರಿಯೊಳಗಿಂದ ನೋಡಿದರೆ ಸೌಂಡರು ಕಾಣುತ್ತಿರಲಿಲ್ಲ, ಮಾಸ್ತರರ ಬೆನ್ನು ಕಾಣುತ್ತಿತ್ತು, ಅದರಾಚೆ ಹಿಂಬಾಗಿಲಲ್ಲಿ ದಾಸಪ್ಪ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕಾಲದಲ್ಲಿ ಹಳ್ಳಿಯವರಿಗೆ ತಂತಿ ಅಂದರೆ ಸಾವು. ಲಕೋಟೆ ಒಡೆಯುವ ಮೊದಲೇ ಅಳುವವರಿದ್ದರು. ತಂತಿಯಲ್ಲಿ ಏನಿದೆ ಎಂದು ಮಾಸ್ತರರು ಹೇಳುವಂತಿಲ್ಲ, ಹಾಗೆಂದು ಪ್ರಮಾಣ ಮಾಡಿದವರು. ಅದಕ್ಕೆಂದೇ ಮುಖವನ್ನು ಒಲೆಯ ಕಲ್ಲಿನ ಹಾಗೆ ಇಟ್ಟುಕೊಳ್ಳುತ್ತಿದ್ದರು. ಕೊಂಡಪ್ಪನಿಗೆ ಓದು ಬಾರದು. ಕಚೇರಿಯಲ್ಲಿ ಪ್ರಮಾಣ ಮಾಡದೆ ಉಳಿದಿದ್ದದ್ದು ನಾಯಿ ಒಂದೇ.

ಜನ ನಾಯಿಯನ್ನೇ ನೋಡಿ ಸುದ್ದಿ ಊಹಿಸುತ್ತಾರೆಂದು ಮೊದಲು ಗೊತ್ತಾದದ್ದು ಮೇಲೂರಿನ ಅಮ್ಮಾಜಮ್ಮ ಬಂದ ದಿನ. ಮಗಳು ಚೊಚ್ಚಲ ಹೆರಿಗೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಳು. ತಂತಿ ಕೊಡುತ್ತೇನೆಂದು ಅಳಿಯ ಹೇಳಿದ್ದ. ಮುದುಕಿಗೆ ಮನೆಯಲ್ಲಿ ಕೂರಲಾಗದೆ ಕೌಂಟರಿಗೇ ಬಂದು ಜಾಲರಿಗೆ ಹಣೆ ಒತ್ತಿ ನಿಂತಿದ್ದಳು. ಸೌಂಡರು ಬಡಿಯಿತು. ದಾಸಪ್ಪ ಬಂದು ಕೂತಿತು. ಸೌಂಡರು ಬಡಿಯುತ್ತಲೇ ಇತ್ತು. ದಾಸಪ್ಪ ಕಾಲು ಚಾಚಿ, ತಲೆ ಪಕ್ಕಕ್ಕೆ ಹಾಕಿ, ಕಣ್ಣು ಮುಚ್ಚಿ ಮಲಗಿತು.

"ಅಯ್ಯೋ ನನ್ನ ಮಗಳೇ!" ಎಂದು ಅಮ್ಮಾಜಮ್ಮ ಎದೆ ಬಡಿದುಕೊಂಡು ಕುಸಿದಳು. ಮೆಟ್ಟಿಲ ಮೇಲಿದ್ದವರೆಲ್ಲ ಓಡಿ ಬಂದರು. ಏನಾಯಿತೆಂದು ತಿಳಿಯುವ ಮೊದಲೇ ಇಬ್ಬರು ಹೆಂಗಸರು ಅವಳನ್ನು ತಬ್ಬಿ ಅಳತೊಡಗಿದರು. ಒಳಗೆ ಪುಟ್ಟಸ್ವಾಮಯ್ಯ ಬೆವರುತ್ತ ಬರೆಯುತ್ತಲೇ ಇದ್ದರು, ಏಕೆಂದರೆ ಅಳಿಯ ಮಾತುಗಾರ. ಗಂಡು ಮಗು, ಬೆಳಗಿನ ಜಾವ, ರೋಹಿಣಿ ನಕ್ಷತ್ರ, ತೂಕ ಚೆನ್ನಾಗಿದೆ, ತಾಯಿ ಕ್ಷೇಮ, ಮೂಗು ನಿಮ್ಮದೇ, ಶುಕ್ರವಾರದ ಬಸ್ಸಿಗೆ ಹೊರಡಿ, ಬರುವಾಗ ತುಪ್ಪ ತನ್ನಿ. ಇಷ್ಟು ಉದ್ದದ ತಂತಿ ಆ ಕಚೇರಿಗೆ ಅದುವರೆಗೆ ಬಂದಿರಲಿಲ್ಲ. ಕೊನೆಗೆ ಅವರು ಹೊರಗೆ ಬಂದು, ನಿಯಮದ ಪ್ರಕಾರ ಮೊದಲು ಸಹಿ ಹಾಕಿಸಬೇಕೆಂಬುದನ್ನೂ ಮರೆತು, "ಗಂಡು ಮಗು ಕಣಮ್ಮ! ಎಲ್ಲ ಚೆನ್ನಾಗಿದಾರೆ!" ಎಂದು ಕೂಗಿದರು.

ಅಮ್ಮಾಜಮ್ಮ ಅಳು ನಿಲ್ಲಿಸಿ ಅವರನ್ನು ನೋಡಿದಳು. "ಮತ್ತೆ ನಿನ್ನ ನಾಯಿ ಯಾಕಪ್ಪ ಸತ್ತಿತ್ತು?"

ಅದಕ್ಕೆ ಮಾಸ್ತರರು ಅಮೆರಿಕದ ಪತ್ರಿಕೆಯಿಂದ ಶುರು ಮಾಡಿ ವಿವರಿಸಿದರು. ಮುದುಕಿ ಪೂರ್ತಿ ಕೇಳಿ, "ಬುದ್ಧಿ ಇರೋರು ಮಾಡೋ ಕೆಲ್ಸವಾ ಸ್ವಾಮಿ ಇದು?" ಎಂದು ಹೇಳಿ ತುಪ್ಪ ಕಾಯಿಸಲು ಹೊರಟುಹೋದಳು.

ಅವಳಿಗೆ ಅರ್ಥವಾದದ್ದು ಊರಿಗೆ ಆಗಲಿಲ್ಲ. ಅಷ್ಟು ಜನ ಕಣ್ಣಾರೆ ಕಂಡಿದ್ದರು: ನಾಯಿ ತಂತಿಯನ್ನು ಕೇಳಿಸಿಕೊಳ್ಳುತ್ತದೆ. ಮಲಗಿದ್ದು ಹುಟ್ಟಿಗೋ ಸಾವಿಗೋ ಎಂಬ ಸಣ್ಣ ವಿವರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೂತರೆ ಒಳ್ಳೆಯದು, ಮಲಗಿದರೆ ಕೆಟ್ಟದ್ದು ಎಂದು ಹೇಗೋ ತೀರ್ಮಾನವಾಗಿ ಹೋಯಿತು. ಕೊಂಡಪ್ಪ ಸಾದಲಿಗೆ ಹೋಗಲಿ, ಇನ್ನೆಲ್ಲಿಗೇ ಹೋಗಲಿ, ಲಕೋಟೆ ನೀಡಿದ ಕೂಡಲೇ ಜನ ಕೈ ಹಿಂದಕ್ಕೆ ಕಟ್ಟಿಕೊಂಡು ಕೇಳುತ್ತಿದ್ದರು: "ದಾಸಪ್ಪ ಕೂತಿತ್ತೋ, ಮಲಗಿತ್ತೋ?" ಮಲಗಿತ್ತು ಎಂದರೆ ತಂತಿಯನ್ನು ತೆಗೆದುಕೊಳ್ಳಲೇ ಒಪ್ಪುತ್ತಿರಲಿಲ್ಲ. ಬೇಗ ಬೇಗ ಹಂಚಿ ಮನೆ ಸೇರಬೇಕೆಂಬ ಕೊಂಡಪ್ಪ, "ಕೂತಿತ್ತು, ಕೂತಿತ್ತು, ಚಕ್ಕಂಬಕ್ಕಳ ಹಾಕ್ಕೊಂಡು ಕೂತಿತ್ತು," ಎಂದು ಹೇಳಿ ಸಹಿ ಹಾಕಿಸಿಕೊಂಡು ಬರುತ್ತಿದ್ದ. ವೆಂಕಟರವಣಪ್ಪನಂಥ ವ್ಯಾಪಾರಸ್ಥರು ಕೂಡ ದರದ ಲಕೋಟೆ ಒಡೆಯುವ ಮುನ್ನ ಒಂದು ಸಲ ಹಿಂಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದರು.

ಮಾಸ್ತರರು ಬಿಡಿಸಿ ಹೇಳಿ ಹೇಳಿ ಸೋತರು. ಅವರ ಮಾತನ್ನು ಯಾರು ಕೇಳುತ್ತಿದ್ದರು? ಒಳಗೊಳಗೆ ಸ್ವಲ್ಪ ಖುಷಿಯೂ ಇತ್ತು ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು. ತಮ್ಮ ಶಿಷ್ಯ ಇಷ್ಟು ದೊಡ್ಡವನಾದನಲ್ಲ ಎಂದು.

ಸಾವಿನ ತಂತಿ ಯಾವಾಗಲೂ ಚಿಕ್ಕದು. ಯಾರಿಗೂ ಆಗ ಮಾತು ಹೊರಡುವುದಿಲ್ಲ. ದಾಸಪ್ಪ ಮೊದಲು ಕೂರುತ್ತಿತ್ತು, ಸೌಂಡರು ಇನ್ನೂ ಬಡಿಯುತ್ತಿದ್ದರೆ ಮಾತ್ರ ಮಲಗುತ್ತಿತ್ತು. ಹಾಗಾಗಿ ನಿಜವಾದ ಕೆಟ್ಟ ಸುದ್ದಿ ಬಂದಾಗಲೆಲ್ಲ ಅದು ಬಾಲ ಅಲ್ಲಾಡಿಸುತ್ತ ಕೂತೇ ಇರುತ್ತಿತ್ತು. ಈ ಲೆಕ್ಕ ಪುಟ್ಟಸ್ವಾಮಯ್ಯನವರ ತಲೆಗೆ ಬಂದದ್ದು ತಡವಾಗಿ.

ಸಾದಲಿಯ ರಾಮಾಂಜಿನಪ್ಪ ಹಿಪ್ಪುನೇರಳೆ ಬೆಳೆಯುವ ರೈತ, ಮಾತು ಕಡಿಮೆ. ಪೇಟೆಗೆ ರೇಷ್ಮೆ ಗೂಡು ಮಾರಲು ಬಂದಿದ್ದವನಿಗೆ ತಂತಿ ಬಂದಿದೆಯೆಂದು ಯಾರೋ ಹೇಳಿ ಕಚೇರಿಗೆ ಕಳಿಸಿದರು. ಬರುವ ದಾರಿಯಲ್ಲೇ ನಾಲ್ಕು ಜನ ಅವನಿಗೆ ಧೈರ್ಯ ಹೇಳಿದ್ದರು, ದಾಸಪ್ಪ ಕೂತಿತ್ತು ಎಂದು. ಅವನು ನಗುತ್ತ ಬಂದ. ಅದೇ ಮೊದಲು ಪುಟ್ಟಸ್ವಾಮಯ್ಯ ಅವನ ಹಲ್ಲು ನೋಡಿದ್ದು. ಕೋಲಾರದ ಆಸ್ಪತ್ರೆಯಲ್ಲಿದ್ದ ಅಣ್ಣ ತೀರಿಕೊಂಡಿದ್ದ. ಓದಲು ಬಾರದ ರಾಮಾಂಜಿನಪ್ಪ ಲಕೋಟೆಯನ್ನು ಮಾಸ್ತರರಿಗೇ ತಿರುಗಿ ಕೊಟ್ಟು, "ನೀವೇ ಓದಿ ಸ್ವಾಮಿ, ಒಳ್ಳೇದೇ ಅಲ್ವಾ?" ಎಂದ.

ಮಾಸ್ತರರು ಓದಿದರು. ಮೂರೇ ಪದ.

ರಾಮಾಂಜಿನಪ್ಪ ಕೂಗಾಡಲಿಲ್ಲ, ಬಯ್ಯಲಿಲ್ಲ. ನಗುವನ್ನು ಎಲ್ಲಿ ಇಡಬೇಕೋ ತಿಳಿಯದವನಂತೆ, "ನಾಯಿ ಕೂತಿತ್ತಂತಲ್ಲ ಸ್ವಾಮಿ..." ಎಂದ. ಆಮೇಲೆ ಹೆಗಲ ಮೇಲಿನ ಟವಲು ಮುಖಕ್ಕೆ ಒತ್ತಿಕೊಂಡು ಮೆಟ್ಟಿಲಿಳಿದು ಹೋದ.

ಅಂದು ಪುಟ್ಟಸ್ವಾಮಯ್ಯ ಊಟಕ್ಕೆ ಕೂತವರು ಅನ್ನ ಕಲಸಿ ಹಾಗೇ ಬಿಟ್ಟರು.

"ಏನಾಯ್ತೂಂದ್ರೆ?" ಎಂದರು ಗೋದಮ್ಮ.

ಅವರು ಹೇಳಿದರು. ಗೋದಮ್ಮ ನಗಲಿಲ್ಲ. ಮಜ್ಜಿಗೆ ಬಡಿಸಿ, "ನಾಯೀದೇನೂ ತಪ್ಪಿಲ್ಲ ಬಿಡಿ. ಕೊಂಡಪ್ಪನ ಮನೇಲಿ ಕಟ್ಟಿ ಹಾಕ್ಸಿ, ಜನ ಮರೀತಾರೆ," ಎಂದರು.

"ಅಲ್ಲೂ ಅಳತ್ತೆ ಕಣೇ. ನಾನು ಹಾಕಿದ ಕಗ್ಗಂಟು. ನಾನೇ ಬಿಚ್ತೀನಿ."

ಬಿಚ್ಚುವುದು ಹೇಗೆಂದು ಅವರು ಓದಿದ್ದ ಪುಟಗಳಲ್ಲಿ ಇರಲಿಲ್ಲ. ತಮಗೆ ತಾವೇ ಯೋಚಿಸಿ, ಟಕ್ ಅಂದರೆ ಬೀಜ ಎಂದು ಕಲಿತದ್ದು ಟಕ್ ಅಂದರೆ ಏನೂ ಇಲ್ಲ ಎಂದು ಕಲಿತರೆ ಸರಿಹೋದೀತು ಎಂದು ತೀರ್ಮಾನಿಸಿದರು. ಹಳೆಯ ಸೌಂಡರು ಟ್ರಂಕಿನ ತಳ ಸೇರಿತು. ಜೇಬು ಖಾಲಿಯಾಯಿತು. ಮರುದಿನ ಲೈನು ತೆರೆದಾಗ ದಾಸಪ್ಪ ಬಂದು ಕೂತಿತು, ಮಲಗಿತು, ನಮಸ್ಕಾರ ಮಾಡಿತು. ಮಾಸ್ತರರು ತಿರುಗಿ ನೋಡಲಿಲ್ಲ. ಅದು ಬಿಡಲಿಲ್ಲ. ಹಿಂದೆಂದೂ ಮಾಡದಷ್ಟು ಚೆನ್ನಾಗಿ ಮಾಡಿತು. ಬೆನ್ನು ನೆಟ್ಟಗೆ ಮಾಡಿ ಕೂತಿತು, ಎರಡೂ ಮುಂಗಾಲೆತ್ತಿ ನಮಸ್ಕರಿಸಿತು, ಓಡಿ ಹೋಗಿ ಯಾರದೋ ಚಪ್ಪಲಿ ತಂದು ತಾನೇ ಬಿಟ್ಟಿತು, ಆಮೇಲೆ ಎಲ್ಲವನ್ನೂ ಒಟ್ಟಿಗೇ ಮಾಡಲು ಹೋಗಿ ಉರುಳಿಬಿತ್ತು. ಮಾಸ್ತರರು ಹಲ್ಲು ಕಚ್ಚಿ ಬರೆಯುತ್ತಿದ್ದರು. ನಂಬಿ ಬಂದು ಕೂತ ಪ್ರಾಣಿಗೆ ದಿನವಿಡೀ ಬೆನ್ನು ತೋರಿಸುವುದಕ್ಕಿಂತ, ಇಡೀ ಚಿಂತಾಮಣಿ ತಾಲ್ಲೂಕಿನ ತಂತಿಗಳನ್ನು ಒಬ್ಬರೇ ಹೊತ್ತು ಹಂಚುವುದು ಸುಲಭ ಎನಿಸುತ್ತಿತ್ತು ಅವರಿಗೆ. ಸಂಜೆ ಕಚೇರಿ ಮುಚ್ಚಿದ ಮೇಲೆ, ಯಾವ ಸದ್ದೂ ಇಲ್ಲದಾಗ, ಅಂಗಳದಲ್ಲಿ ಕೂತು ಬೆಳಗಿನಿಂದ ಕೊಡದೆ ಉಳಿಸಿದ್ದ ಬೀಜವನ್ನೆಲ್ಲ ಅದರ ಮುಂದೆ ಸುರಿಯುತ್ತಿದ್ದರು.

ದಿನ ಕಳೆದಂತೆ ಅದು ಬರುವುದು ನಿಧಾನವಾಯಿತು. ಬಂದರೂ ಬಾಗಿಲಲ್ಲೇ ನಿಲ್ಲುತ್ತಿತ್ತು. ಮಳೆಗಾಲ ಶುರುವಾದ ಹೊತ್ತಿಗೆ ಒಂದು ಬೆಳಗ್ಗೆ ಸೌಂಡರು ಬಡಿಯಿತು. ಅಂಗಳದ ಒಗೆಯುವ ಕಲ್ಲಿನ ಪಕ್ಕದಲ್ಲಿ ಮಲಗಿದ್ದ ದಾಸಪ್ಪನ ಜೋಲುಕಿವಿ ಒಂದು ಸಲ ಕದಲಿತು. ಅಷ್ಟೇ. ತಲೆ ಎತ್ತಲಿಲ್ಲ. ಪುಟ್ಟಸ್ವಾಮಯ್ಯನವರಿಗೆ ಗೆದ್ದ ಸಂತೋಷವಾಗಬೇಕಿತ್ತು. ಬರೆದುಕೊಂಡ ತಂತಿಯಲ್ಲಿ ಒಂದು ಅಕ್ಷರ ಬಿಟ್ಟು, ಚಿಕ್ಕಬಳ್ಳಾಪುರದವನನ್ನು ಇನ್ನೊಮ್ಮೆ ಕಳಿಸು ಎಂದು ಕೇಳಬೇಕಾಯಿತು.

"ನೋಡಿದ್ರಾ," ಎಂದರು ಗೋದಮ್ಮ ಅಂದು. "ಅದು ಕಲೀತು. ನೀವು ಇವತ್ತಿಗೂ ಟಿಕ್ ಅಂದ್ರೆ ತಟ್ಟೆ ಬಿಟ್ಟು ಎದ್ದು ಓಡ್ತೀರಿ."

ಪೇಟೆಯಲ್ಲಿ ಸ್ವಲ್ಪ ದಿನ ಬೇಸರವಿತ್ತು. "ನಾಯೀನ ಕೆಡಿಸಿಬಿಟ್ರಿ ಅಯ್ನೋರೆ, ಎಷ್ಟು ಚೆನ್ನಾಗಿ ಹೇಳ್ತಿತ್ತು," ಎಂದು ವೆಂಕಟರವಣಪ್ಪ ದೂರಿದರು. ಆಮೇಲೆ ಅವರೂ ಲಕೋಟೆಯನ್ನು ನೇರ ಒಡೆಯತೊಡಗಿದರು.

ಬುದ್ಧಿ ಕಲಿತವರಾದರೆ ಮಾಸ್ತರರು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಸೌಂಡರು ಬೇಡ, ಕಪ್ಪೆ ಬೇಡ, ನಾಲಿಗೆಯಲ್ಲೇ ಸದ್ದು ಮಾಡಿದರೆ ಯಾವುದರ ಜೊತೆಗೂ ಬೆರೆಯುವುದಿಲ್ಲವಲ್ಲ ಎಂದು ಅವರಿಗೆ ಮತ್ತೆ ಹೊಳೆಯಿತು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಲೊಚ್ ಎಂದು ಬಿಡುವುದು. ದಾಸಪ್ಪ ಅದನ್ನೂ ಚೆನ್ನಾಗಿ ಕಲಿಯಿತು. ಒಂದು ಮಧ್ಯಾಹ್ನ ಮದುವೆಗೆ ಕರೆಯುವ ತಂತಿಯನ್ನು ಒಯ್ಯಲು ಯಾರೋ ಕೌಂಟರಿಗೆ ಬಂದಿದ್ದಾಗ, ಮೆಟ್ಟಿಲ ಬಳಿ ದಾಸಪ್ಪ ಹೇಳದೆಯೇ ಜಾಣನ ಹಾಗೆ ಕೂತಿತು. ಮಾಸ್ತರರು ಲಕೋಟೆ ಚಾಚುತ್ತಲೇ, ನಾಯಿಯ ಕಡೆ ನೋಡಿ, "ಲೊಚ್" ಎಂದರು. ಲಕೋಟೆ ಹಿಡಿಯಲು ಬಂದ ಕೈ ಗಾಳಿಯಲ್ಲೇ ನಿಂತಿತು. "ಯಾರು ಹೋದ್ರು ಸ್ವಾಮಿ?" ಎಂದು ಆ ಮನುಷ್ಯ ಬಿಳಿಚಿಕೊಂಡು ಕೇಳಿದ.

ಅಂದಿಗೆ ಗೋದಮ್ಮ ಪಾಠಶಾಲೆ ಮುಚ್ಚಿಸಿದರು.

ಅರವತ್ತರ ದಶಕದ ಮೊದಲಲ್ಲಿ ಪುಟ್ಟಸ್ವಾಮಯ್ಯನವರಿಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಸಾಮಾನಿನ ಗಾಡಿಯಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತು ದಾಸಪ್ಪನೂ ಬಂತು. "ಅದನ್ನ ಬಿಟ್ಟು ಬಂದ್ರೆ ದಾರಿಯುದ್ದಕ್ಕೂ ನೀವು ಊಳಿಡ್ತೀರಿ," ಎಂದು ಜಾಗ ಮಾಡಿಕೊಟ್ಟವರು ಗೋದಮ್ಮನೇ. ಮೊದಲ ದಿನ ಅದು ಮಾಸ್ತರರ ಜೊತೆ ಹೊಸ ಕಚೇರಿಯ ಜಗುಲಿಯವರೆಗೆ ಹೋಗಿ ನೆರಳಿನಲ್ಲಿ ಮಲಗಿತು. ಒಳಗೆ ಸಾಲಾಗಿ ಸೌಂಡರುಗಳು ಆಲಿಕಲ್ಲಿನ ಮಳೆಯಂತೆ ಬಡಿಯುತ್ತಿದ್ದವು. ಅಷ್ಟು ಸದ್ದಿನಲ್ಲೂ ಮಿಸುಕದೆ ಮಲಗಿದ ನಾಯಿಯನ್ನು ನೋಡಿ ಅಲ್ಲಿನ ಗುಮಾಸ್ತೆ ಚನ್ನಕೇಶವ, "ಕಿವುಡಾ ಸಾರ್ ಇದು?" ಎಂದು ಕೇಳಿದ.

"ಇಲ್ಲಪ್ಪ," ಎಂದರು ಪುಟ್ಟಸ್ವಾಮಯ್ಯ ಕನ್ನಡಕ ಒರೆಸಿಕೊಳ್ಳುತ್ತ. "ನಮ್ಮಿಬ್ಬರಲ್ಲಿ ಬುದ್ಧಿವಂತ ಅದು. ನನಗಿಂತ ಮೊದಲೇ ರಿಟೈರಾಗಿದೆ."

ಅಷ್ಟರಲ್ಲಿ ಒಳಗಿನಿಂದ ಅವರ ಲೈನು ಕರೆಯಿತು. ಅವರು ಕನ್ನಡಕ ಮೂಗಿಗೇರಿಸುತ್ತ ಒಳಗೆ ಓಡಿದರು.